ಊಟ ಮುಗಿಯಲಿ ಎಂದು

ಹೇಮಚಂದ್ರನಿಗೆ ಪಕ್ಕದ ಮನೆಯ ಲೂಪೆ ಎಂದರೆ ಒಡಹುಟ್ಟಿದ ಅಕ್ಕನಿಗಿಂತ ಒಂದು ಕೈ ಮೇಲೆ. ಪೆಸಿಫಿಕ್ ಸಾಗರದ ಟೊಂಗಾ ದ್ವೀಪದವಳು ಆಕೆ. ಐರ್ಲೆಂಡಿನ ಕ್ಯಾಸಲ್‌ನಾಕ್‌ಗೆ ಬಂದ ಹೊಸತರಲ್ಲೇ ಅವನೂ ಹೆಂಡತಿ ಕಾತ್ಯಾಯಿನಿಯೂ ಕೊರೊನಾ ತಗುಲಿ ಮಲಗಿದಾಗ, ದಿನವೂ ಹೊಸ್ತಿಲಲ್ಲಿ ಸೂಪಿನ ಪಾತ್ರೆಯಿಟ್ಟು, ಗೇಟಿನಾಚೆ ಸರಿದು ನಿಂತು ದೇವರ ಹಾಡು ಹೇಳಿ ಹೋದವಳು. ಯಾವ ದೇವರೆಂದು ಹೇಮಚಂದ್ರ ಕೇಳಲಿಲ್ಲ. ಕಾಯುವವನಿಗೆ ಹೆಸರು ಯಾವುದಾದರೇನು ಎಂದು ಹಾಸಿಗೆಯಲ್ಲೇ ಕೈಮುಗಿದ. ಈ ಋಣ ತೀರಿಸದೆ ಸಾಯಬಾರದು ಎಂಬುದೊಂದು ಅವನ ಮನಸ್ಸಿನಲ್ಲಿ ಬೇರೂರಿತ್ತು.

ಅಂಥವಳ ನಾಡಿನಲ್ಲಿ ಎರಡು ಸಾವಿರದ ಇಪ್ಪತ್ತೆರಡರ ಜನವರಿಯಲ್ಲಿ ಕಡಲೊಳಗಿನ ಜ್ವಾಲಾಮುಖಿ ಸಿಡಿಯಿತು. ಬೂದಿ ಸುರಿಯಿತು, ಅಲೆ ಮನೆಗಳಿಗೆ ನುಗ್ಗಿತು, ಫೋನಿನ ತಂತಿ ಕಡಲತಳದಲ್ಲೇ ಕಡಿದುಹೋಯಿತು. ಲೂಪೆಯ ಮುದಿ ತಂದೆಯಿದ್ದ ಪುಟ್ಟ ದ್ವೀಪದಿಂದ ಬದುಕಿನ ಸುದ್ದಿಯೂ ಇಲ್ಲ, ಸಾವಿನ ಸುದ್ದಿಯೂ ಇಲ್ಲ.

ಐರ್ಲೆಂಡಿನಲ್ಲಿ ಆಗಷ್ಟೇ ನಿರ್ಬಂಧ ಸಡಿಲಿಸಿದ್ದರು. ಲೂಪೆಯ ಮಗ ಸೆಮಿಸಿ ಮೇನೂತ್ ಬಳಿಯ ರಗ್ಬಿ ಕ್ಲಬ್ಬಿನ ಆಟಗಾರ. ಅಲ್ಲೇ ಒಂದು ಶನಿವಾರ ಮಧ್ಯಾಹ್ನ ಪಂದ್ಯ, ಆಮೇಲೆ ಹಾಲ್‌ನಲ್ಲಿ ದ್ವೀಪದವರ ಹಾಡು, ಕುಣಿತ, ಊಟ. ಕೂಡಿದ ಹಣವೆಲ್ಲ ಮನೆ ಕಳೆದುಕೊಂಡವರಿಗೆ ಎಂದು ಗೊತ್ತುಮಾಡಿದರು. ಆಕ್ಲೆಂಡಿನಲ್ಲಿರುವ ಲೂಪೆಯ ನಂಟರು ಕೂತಲ್ಲೇ ನೋಡಲೆಂದು ಕ್ಯಾಮೆರಾ ನಿಲ್ಲಿಸಿದರು. ಕಾತ್ಯಾಯಿನಿ ದೊಡ್ಡ ಡಬರಿ ತುಂಬ ಪುಳಿಯೋಗರೆ ಕಲಸಿ ತಂದಳು.

ಲೂಪೆ ತನ್ನ ಫೋನನ್ನು ಹೇಮಚಂದ್ರನ ಕೈಗಿತ್ತಳು. “ಆಕ್ಲೆಂಡಿಂದ ನನ್ನ ತಮ್ಮ ಫೋನ್ ಮಾಡಬಹುದು. ನಾನು ಎಲ್ಲೇ ಇರಲಿ, ಏನೇ ಮಾಡ್ತಿರಲಿ, ಬಂದು ಹೇಳು.”

“ಹೇಳ್ತೀನಿ ಅಕ್ಕಾ.”

ಪಂದ್ಯ ಮುಗಿದು ಜನ ಊಟಕ್ಕೆ ಕೂರುವ ಹೊತ್ತಿಗೆ ಫೋನ್ ಬಂತು. ತಮ್ಮನ ದನಿ ಒಡೆದಿತ್ತು. “ಅಪ್ಪ ಇಲ್ಲ. ದೋಣಿಯವರು ಸುದ್ದಿ ತಂದರು. ಅವಳಿಗೆ ಈಗಲೇ ಹೇಳು. ಅಲ್ಲಿ ಹಾಡು ನಿಲ್ಲಿಸಿ ಪ್ರಾರ್ಥನೆ ಶುರುಮಾಡಲಿ. ಮನೆಮಂದಿಯೆಲ್ಲ ವಿಡಿಯೊ ಮುಂದೆ ಕೂತಿದೀವಿ, ಅವಳ ಜೊತೆಗೇ ಹೇಳ್ತೀವಿ.”

ಹೇಮಚಂದ್ರ ಒಳಗೆ ಬಂದ. ಲೂಪೆ ಆಗಷ್ಟೇ ತಟ್ಟೆ ಹಿಡಿದು ಕೂತಿದ್ದಳು.

“ಏನ್ರೀ, ಮುಖ ಹಿಂಗಾಗೈತೆ?” ಎಂದಳು ಕಾತ್ಯಾಯಿನಿ. ಅವನು ಕಿವಿಯಲ್ಲಿ ಉಸುರಿದ.

“ಅಯ್ಯೋ ಶಿವನೇ! ಬಾಯಿಗೆ ತುತ್ತಿಡೋ ಹೊತ್ತಲ್ಲಿ ಹೇಳ್ತಾರೇನ್ರೀ? ಎಷ್ಟು ದಿನದಿಂದ ಸರಿಯಾಗಿ ಉಂಡಿಲ್ಲ ಅವಳು. ಉಣ್ಣಲಿ ಬಿಡಿ ಪಾಪ. ಸುದ್ದಿ ಎಲ್ಲೂ ಓಡಿಹೋಗಲ್ಲ.”

ಅವನಿಗೂ ಅದೇ ಸರಿ ಕಂಡಿತು. ಉಣ್ಣುವವರ ತಟ್ಟೆಯ ಮುಂದೆ ಸಾವಿನ ಮಾತು ಎತ್ತದ ಊರು ಅವನದು. ತಂತಿ ತಂದ ಅಂಚೆಯವನೂ ಜಗುಲಿಯಲ್ಲಿ ಮಜ್ಜಿಗೆ ಕುಡಿಯುತ್ತ, ಒಳಗಿನವರು ಕೈ ತೊಳೆಯುವವರೆಗೆ ಮಳೆ ಬೆಳೆ ಮಾತಾಡುತ್ತ ಕೂರುತ್ತಿದ್ದ. ಅದನ್ನು ಸುಳ್ಳೆಂದು ಯಾರೂ ಅನ್ನುತ್ತಿರಲಿಲ್ಲ. ದೊಡ್ಡ ಮನಸ್ಸು ಎನ್ನುತ್ತಿದ್ದರು.

ಲೂಪೆ ಅವನನ್ನು ಕಂಡು ಹುಬ್ಬೇರಿಸಿದಳು. “ಫೋನ್ ಬಂತಾ?”

“ನೀನು ಊಟ ಮಾಡಕ್ಕಾ.”

ಬಂದಿಲ್ಲವೆಂದೇ ಅವಳು ತಿಳಿದಳು. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ತಮಟೆ ಮೊಳಗಿತು, ಯುಕುಲೆಲೆ ಎಂಬ ಪುಟ್ಟ ಗಿಟಾರುಗಳು ದನಿಗೂಡಿದವು. “ಅಮ್ಮಾ, ಒಂದೇ ಒಂದು ಕುಣಿತ, ತಾತನ ಹೆಸರಲ್ಲಿ!” ಎಂದು ಸೆಮಿಸಿ ತಾಯಿಯನ್ನು ಎಳೆದೊಯ್ದ. ಹೇಮಚಂದ್ರ ಎದ್ದ, ಬಾಯಿ ತೆರೆದ. ಆ ಗದ್ದಲದಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಕೊಬ್ಬರಿ ಎಣ್ಣೆ ಸವರಿದ ಅವಳ ತೋಳಿಗೆ ಜನ ನೋಟು ಅಂಟಿಸತೊಡಗಿದರು. ಅದು ಅವರ ಕಡೆಯ ಕಾಣಿಕೆಯ ಪದ್ಧತಿ. ಲೂಪೆ ನಕ್ಕಳು. ಜ್ವಾಲಾಮುಖಿ ಸಿಡಿದ ಮೇಲೆ ಮೊದಲ ಸಲ, ಬಾಯ್ತುಂಬ ನಕ್ಕಳು. ಕ್ಯಾಮೆರಾ ಆ ನಗುವಿನ ಮೇಲೆಯೇ ನಿಂತಿತ್ತು. ಹೇಮಚಂದ್ರನ ಜೇಬಿನಲ್ಲಿ ಫೋನ್ ಮತ್ತೆ ಮತ್ತೆ ಗುಂಯ್ಗುಟ್ಟಿ, ಕೊನೆಗೆ ಸುಮ್ಮನಾಯಿತು.

ಕುಣಿತ ಮುಗಿಸಿ ಬಂದವಳಿಗೆ ಹೇಳಿದ. ಅವಳು ಅಳಲಿಲ್ಲ.

“ಯಾವಾಗ ಬಂತು?”

“ನೀನು ಊಟಕ್ಕೆ ಕೂತಾಗ.”

ಫೋನ್ ಕಿತ್ತುಕೊಂಡು ತಮ್ಮನಿಗೆ ಮಾಡಿದಳು. ಆ ಕಡೆಯ ದನಿ ಪಕ್ಕದಲ್ಲಿದ್ದವರಿಗೂ ಕೇಳಿತು. “ಪ್ರಾರ್ಥನೆ ಮುಗೀತು ಅಕ್ಕ. ನಿನಗೋಸ್ಕರ ಕಾದ್ವಿ. ಸುದ್ದಿ ಕೇಳಿಯೂ ನೀನು ನಗ್ತಾ ಕುಣೀತಿದ್ದೆ. ಚಿಕ್ಕಪ್ಪಂದಿರಿಗೆ ನೋಡಕ್ಕಾಗಲಿಲ್ಲ. ವಿಡಿಯೊ ಆರಿಸಿಬಿಟ್ವಿ.”

“ಕೊಡಕ್ಕಾ, ತಪ್ಪು ನಂದು ಅಂತ ನಾನು ಹೇಳ್ತೀನಿ,” ಎಂದು ಹೇಮಚಂದ್ರ ಕೈ ಚಾಚಿದ.

“ಏನಂತ ಹೇಳ್ತೀಯ?” ಲೂಪೆ ಅವನನ್ನು ಹೊಸಬನಂತೆ ನೋಡಿದಳು. “ನನಗೆ ಹಸಿವಾಗಿತ್ತು ಅಂತಲಾ?”

ತೋಳಿಗಂಟಿದ್ದ ನೋಟುಗಳನ್ನು ಒಂದೊಂದಾಗಿ ಬಿಡಿಸಿ ನಿಧಿಯ ಡಬ್ಬಿಗೆ ಹಾಕಿ, ಮಗನ ಕೈ ಹಿಡಿದು ಹೊರಟುಹೋದಳು. ಋಣದ ಮಾತು ಇನ್ನೆಲ್ಲಿಯದು?

ಕಾರಿನಲ್ಲಿ ಕೂತ ಮೇಲೆ ಕಾತ್ಯಾಯಿನಿ ಮೆಲ್ಲಗೆ ಅಂದಳು, “ಒಳ್ಳೇದಕ್ಕೇ ತಾನೇ ನಾವು ಮಾಡಿದ್ದು?”

ಕೀಲಿ ತಿರುಗಿಸಲು ಹೋದ ಹೇಮಚಂದ್ರ ಕೈ ಹಿಂದೆಗೆದ.

“ಹೋದ ವರ್ಷ ನಮ್ಮಪ್ಪ ಹೋದ ಸುದ್ದಿ ನೀನು ನನಗೆ ಹೇಳಿದ್ದು, ನಾನು ಉಂಡು ತಟ್ಟೆ ತೊಳೆದಿಟ್ಟ ಮೇಲೆ. ಮೈಸೂರಿಂದ ಫೋನ್ ಬಂದಿದ್ದು ಯಾವಾಗ ಕಣೇ?”

ಅವಳು ಸೀಟ್ ಬೆಲ್ಟಿನ ಕೊಂಡಿ ಹುಡುಕತೊಡಗಿದಳು.

“ಗಾಡಿ ತೆಗೀರಿ,” ಎಂದಳು.