ಹಂಚು ಇಡದ ಎಳ್ಳಮಾವಾಸ್ಯೆ

ಬಿಸಿಲು ಪಾದದಿಂದ ಮೊಣಕಾಲಿಗೆ ಬಂತು, ಹತ್ತು ಗಂಟೆ ಆಗಿರಬೇಕು, ಈ ತಿಂಗಳು ಹೈದರಾಬಾದಿನ ಬಿಸಿಲು ಎಷ್ಟು ಹೊತ್ತು ಮೈಮೇಲೆ ಬಿದ್ದರೂ ಏಳಬೇಕು ಅನಿಸುವುದಿಲ್ಲ, ಅಂಬವ್ವ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದಾಳೆ, ಎಳ್ಳಮಾವಾಸ್ಯೆಯ ದಿನ ಕೈಯಲ್ಲಿ ಕೆಲಸವಿಲ್ಲದೆ ಹೀಗೆ ಕೂತದ್ದು ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು — ಗಂಡ ಮೌನಪ್ಪ ಹೋಗಿ ಏಳು ತಿಂಗಳು, ಸಾವಾದ ಮನೆಯಲ್ಲಿ ವರ್ಷದೊಳಗೆ ಹಬ್ಬದ ರೊಟ್ಟಿಗೆ ಹಂಚು ಒಲೆಗೆ ಇಡುವಂತಿಲ್ಲ, ನಮ್ಮವರು ಅನ್ನುವವರು ಮಾಡಿ ತಂದರೆ ಉಣ್ಣಬೇಕು, ತರದಿದ್ದರೆ ಅನ್ನ ಸಾರು. ತಮ್ಮ ವೈಜನಾಥ ಭಾಲ್ಕಿಯಿಂದ ಮೊದಲ ಬಸ್ಸಿಗೇ ಬಂದ, ತಂದದ್ದು ಒಂದು ದೊಡ್ಡ ಖಾಲಿ ಬ್ಯಾಗು. ಸಜ್ಜೆ ರೊಟ್ಟಿ ಇಲ್ಲ, ಕಾಳು ತರಕಾರಿ ಕೂಡಿಸಿ ಕುದಿಸುವ ಭಜ್ಜಿ ಇಲ್ಲ, ಮರೆತನಂತೆ, ತವರಿನವನಾಗಿ ಅದನ್ನು ಮರೆಯುವುದು ಹೇಗೆ, ಹೆಂಗೂ ಸಂಜಿ ಗಾಡಿಗೆ ನೀನ ಬರ್ತಿ ಅಲ್ಲ, ಮನ್ಯಾಗ ಉಣ್ಣುವಂತಿ ಅಂದ, ನಕ್ಕ ಬೇರೆ. ಕೆಟ್ಟವನಲ್ಲ, ಅಕ್ಕನಿಗೆಂದು ಒಂದು ಕೋಣೆಗೆ ಸುಣ್ಣ ಹೊಡೆಸಿದ್ದಾನೆ, ಬ್ಯಾಗಿನ ಪಕ್ಕ ಕೂತು ಪೇಪರ್ ಓದುತ್ತಿದ್ದಾನೆ, ಸಂಜೆಯೊಳಗೆ ಅವಳು ಹೂಂ ಅನ್ನಬೇಕು, ಅಂದರೆ ಈ ಬಾಡಿಗೆ ಮನೆ ಬಿಟ್ಟ ಹಾಗೆ, ಈ ನಾಂಪಲ್ಲಿ ಓಣಿ ಬಿಟ್ಟ ಹಾಗೆ. ಅಕ್ಕಾ, ಇಲ್ಲಿ ಯಾರ ಅದಾರ ನಿನಗ? ಅಂತ ಬಂದವನೇ ಕೇಳಿದ, ಅವಳು ಎದ್ದು ಬಾಲ್ಕನಿಗೆ ಬಂದಳು. ಕೆಳಗೆ ಮೈದಾನದಲ್ಲಿ ನುಮಾಯಿಷ್‌ಗೆ, ವರ್ಷದ ವಸ್ತುಪ್ರದರ್ಶನಕ್ಕೆ, ತಗಡು ಬಡಿಯುತ್ತಿದ್ದಾರೆ, ಬಂದ ಹೊಸದರಲ್ಲಿ ಈ ಸದ್ದಿಗೇ ಅಳು ಬರುತ್ತಿತ್ತು, ತರಕಾರಿಯವಳದು ತೆಲುಗು, ಓಣಿಯದು ಉರ್ದು, ಇವಳಿಗೆ ಎರಡೂ ಬಾರದು, ಆಮೇಲೆ ತೆಲುಗಿನಲ್ಲಿ ಜಗಳಾಡಲು ಕಲಿತಳು, ಉರ್ದುವಿನಲ್ಲಿ ಸಮಾಧಾನ ಮಾಡಲು ಕಲಿತಳು, ಕನ್ನಡ ಮನೆಯೊಳಗೆ, ಮೌನಪ್ಪನ ಜೊತೆ, ಈಗ ಆ ಕನ್ನಡವನ್ನು ಯಾರ ಜೊತೆ ಆಡುವುದು, ಕನಸಿಗೆ ಬರುವ ಮೌನಪ್ಪ ಕೂಡ ಬೇಡ ಬೇಡ ಅನ್ನುವುದನ್ನು ಓಣಿಯವರ ಹಾಗೆ ನಕ್ಕೋ ನಕ್ಕೋ ಅನ್ನುತ್ತಾನೆ, ಭಾಲ್ಕಿಯಲ್ಲಾದರೆ ಬೀದಿಗೆ ಬೀದಿಯೇ ಕನ್ನಡ, ಹೋಗುವುದೇ ಸರಿಯೇನೋ —

ಬೆಲ್ಲು. ಎದುರು ಮನೆಯ ನಸ್ರೀನ್, ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು, ಆಪಾ, ಆಪ್ಕಾ ತವಾ ಬಂದ್ ಹೈ ಬೋಲ್ಕೇ ಮೈಚ್ ಪಕಾಯಿ, ನಿಮ್ಮ ಹಂಚು ಇಡುವಂತಿಲ್ಲವಲ್ಲ, ನಾನೇ ಮಾಡಿದೆ ಅಂತ, ಕುಕ್ಕರ್ ಕೂಗುತ್ತಿದೆ ಎಂದು ಹಾಗೇ ಓಡಿದಳು. ಇವಳಿಗೆ ಯಾರು ಹೇಳಿದರು, ತಾನೇ ಹೇಳಿರಬೇಕು, ಮೌನಪ್ಪ ತೀರಿಕೊಂಡ ವಾರ ಅಳುತ್ತಾ ಏನೇನು ಹೇಳಿದೆನೋ. ಬಟ್ಟೆ ಸರಿಸಿದರೆ ಭಜ್ಜಿ, ಅಯ್ಯೋ ಪುದೀನ ಹಾಕಿದ್ದಾಳೆ, ಭಜ್ಜಿಗೆ ಯಾರಾದರೂ ಪುದೀನ ಹಾಕುತ್ತಾರೆಯೇ, ಹುಳಿಗೆ ಬಾರಿಹಣ್ಣು ಇಲ್ಲ, ಅವರೆಕಾಳು ಅರೆಬೆಂದಿದೆ, ಕರೆದು ಬೈಯಬೇಕು — ಅಡಿಯಲ್ಲಿ ಸಜ್ಜೆ ರೊಟ್ಟಿ, ಒಂದು ಕಡೆ ದಪ್ಪ, ಒಂದು ಕಡೆ ಸೀದಿದೆ, ಎಳ್ಳೆಲ್ಲ ಒಂದೇ ಮೂಲೆಗೆ, ಮತ್ತು ಅದರ ಮೇಲೆ ಬೆರಳ ಗುರುತು. ಲಟ್ಟಿಸಿದ್ದಲ್ಲ, ಬಡಿದದ್ದು. ನಸ್ರೀನ್‌ಗೆ ರೊಟ್ಟಿ ಬಡಿಯುವುದನ್ನು ಯಾರೂ ಕಲಿಸಿಲ್ಲ, ಹದಿನೆಂಟು ವರ್ಷ ಈ ಮನೆಯ ಅಡುಗೆಮನೆ ಹೊಸ್ತಿಲಲ್ಲಿ ಕೂತು ತನ್ನ ಅತ್ತೆಯ ಚಾಡಿ ಹೇಳುತ್ತಿದ್ದಳು, ಅಂಬವ್ವ ಬಡಿಯುತ್ತಾ ಹೂಂಗುಟ್ಟುತ್ತಿದ್ದಳು, ಅವಳು ಮಾತಾಡುತ್ತಿದ್ದಾಳೆ ಅಂತಲೇ ತಿಳಿದಿದ್ದಳು, ನೋಡುತ್ತಿದ್ದಾಳೆ ಅಂತ ತಿಳಿದಿರಲಿಲ್ಲ, ಎಷ್ಟು ಹಿಟ್ಟು ಕೆಡಿಸಿದಳೋ ಇದೊಂದಕ್ಕೆ, ಬೆರಳ ಗುರುತು. ವೈಜನಾಥ ಪೇಪರ್ ಮಡಚಿ ಬಂದು ನೋಡಿದ, ಇದನ್ನ ನಮ್ಮವರ ತರಬೇಕಲ್ಲಕ್ಕಾ ಅಂದ, ಹಾಗೆ ಅಂದ ಮೇಲೆ ತಾನು ಬರಿಗೈಲಿ ಬಂದದ್ದು ನೆನಪಾಗಿ ಮುಖ ಸಣ್ಣದಾಯಿತು. ನಮ್ಮವರ ತಂದಾರ, ಉಣ್ಣು ಬಾ, ನಿನ್ನ ಗಾಡಿಗಿನ್ನಾ ಭಾಳ ಹೊತ್ತೈತಿ ಅಂದಳು ಅಂಬವ್ವ, ನಮ್ಮ ಗಾಡಿ ಅನ್ನದೆ ನಿನ್ನ ಗಾಡಿ ಅಂದದ್ದು ಅವನಿಗೆ ತಿಳಿಯಿತು, ಕೈ ತೊಳೆಯಲು ಹೋದ, ನಳದ ಸದ್ದು, ಸುಣ್ಣ ಹೊಡೆಸಿದ ಕೋಣೆ, ಪಾಪ, ಸಂಕಟ ಆಗುತ್ತದೆ ಅವನಿಗೆ, ಇವಳಿಗೂ ಆಗುತ್ತಿದೆ, ರೊಟ್ಟಿ ಮುರಿಯಬೇಕು, ಎರಡು ತಾಟು ಹಾಕಬೇಕು, ಕೈ ಏಳುತ್ತಿಲ್ಲ, ಬೆರಳ ಗುರುತು, ನಾಲ್ಕು ಒತ್ತಾಗಿ, ಹೆಬ್ಬೆರಳಿನದು ದೂರ, ಅದೊಂದು ಆಳ, ರೊಟ್ಟಿ ಅಲ್ಲಿ ತೂತಾಗಿದೆ.