ಕಾಕೂಗೆ ಮರಾಠಿ ಬರಲಿಲ್ಲ

ಚನ್ನಬಸವ್ವ ಮದುವೆಯಾಗಿ ಪುಣೆಯ ಖಡಕಿಗೆ ಬಂದು ಮೂವತ್ತೊಂಬತ್ತು ವರ್ಷ. ಗಂಡ ರಾಮಲಿಂಗಪ್ಪ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ಮಕ್ಕಳಾಗಲಿಲ್ಲ. ಹೊಸ್ತಿಲಾಚೆ ಮರಾಠಿ, ಹೊಸ್ತಿಲೊಳಗೆ ಕನ್ನಡ, ಇದು ಆ ಮನೆಯ ಕಟ್ಟಳೆ. ತರಕಾರಿಯವನ ಜೊತೆ ಜಗಳವಾಡಿ ಗೆದ್ದು ಬರುವಷ್ಟು ಚೊಕ್ಕಟವಾಗಿ ಅವಳು ಮರಾಠಿ ಕಲಿತಿದ್ದಳು. ಪುಣೆಯಲ್ಲಿ ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ.

ನಾಲ್ಕು ವರ್ಷದ ಹಿಂದೆ ರಾಮಲಿಂಗಪ್ಪ ತೀರಿಕೊಂಡ. ಮನೆಯ ಕನ್ನಡವನ್ನೂ ಜೊತೆಗೇ ತೆಗೆದುಕೊಂಡು ಹೋದ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ನಾಲ್ಕು ಮಾತಾಡುತ್ತಿದ್ದಳು, ಅಷ್ಟೆ. ಶಿವ ಕೇಳಿಸಿಕೊಳ್ಳುವುದರಲ್ಲಿ ಗಟ್ಟಿಗ, ಆದರೆ ಹೂಂ ಅನ್ನುವವನಲ್ಲ. ಪಕ್ಕದ ಮನೆಯ ಶುಭಾಂಗಿ ಚಿಕ್ಕಮ್ಮನನ್ನು ಕರೆದಂತೆ ‘ಕಾಕೂ, ಕಾಕೂ’ ಎನ್ನುತ್ತ ದಿನಕ್ಕೆ ಹತ್ತು ಸಲ ಬರುವವಳು. ಕಾಕೂ ಕನ್ನಡದವಳೆಂಬುದು ಅವಳಿಗೆ ಮರೆತೇಹೋಗಿತ್ತು. ತಪ್ಪು ಅವಳದಲ್ಲ. ನೆನಪಿಸುವವರು ಯಾರಿದ್ದರು?

ಒಂದು ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಚನ್ನಬಸವ್ವ ರೊಟ್ಟಿ ಬಡಿಯುತ್ತಿದ್ದಾಗ ತಲೆಯೊಳಗೆ ಏನೋ ಸಿಡಿಯಿತು. ಹಿಟ್ಟಿನ ಕೈ ಹಿಟ್ಟಿನಲ್ಲೇ ನಿಂತಿತು. ಎಡಗಣ್ಣಿನ ರೆಪ್ಪೆ ತಾನಾಗಿ ಇಳಿದು ಕಣ್ಣು ಮುಚ್ಚಿತು. ಹಂಚಿನ ಮೇಲೆ ರೊಟ್ಟಿ ಕರಕಾದ ವಾಸನೆಗೆ ಶುಭಾಂಗಿ ಓಡಿಬಂದು, ಅವಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಳು.

ಏನಾಯಿತು ಆಜಿ ಎಂದು ಎಳೆಯ ವೈದ್ಯ ಮರಾಠಿಯಲ್ಲಿ ಕೇಳಿದ.

“ತಲಿ ಸಿಡದಂಗ ಆತ್ರಿ, ಒಮ್ಮಿಂದೊಮ್ಮೆಲೆ. ಎಂಟ ದಿನದಿಂದ ಈ ಕಣ್ಣಿನ ಹಿಂದ ನೋಯಾಕತ್ತಿತ್ತು.”

ತಾನು ಮರಾಠಿಯಲ್ಲೇ ಹೇಳುತ್ತಿದ್ದೇನೆಂದು ಅವಳು ತಿಳಿದಿದ್ದಳು. ನೋವಿನಲ್ಲಿ ನಾಲಿಗೆ ಹಳೆಯ ದಾರಿ ಹಿಡಿದದ್ದು ಅವಳಿಗೇ ಗೊತ್ತಾಗಲಿಲ್ಲ. ವೈದ್ಯ ಶುಭಾಂಗಿಯ ಕಡೆ ತಿರುಗಿ, ಇವರು ಯಾವಾಗಲೂ ಹೀಗೇ ಮಾತಾಡುತ್ತಾರೆಯೇ ಎಂದು ಕೇಳಿದ. ಶುಭಾಂಗಿ ಅಳುತ್ತಲೇ ಇಲ್ಲವೆಂದು ತಲೆಯಾಡಿಸಿದಳು. ಬೆಳಿಗ್ಗೆ ಚೆನ್ನಾಗಿಯೇ ಮಾತಾಡಿದ್ದರು, ಈಗ ಏನೇನೋ ಬಡಬಡಿಸುತ್ತಿದ್ದಾರೆ ಎಂದಳು.

ರೆಪ್ಪೆ ಜೋತಿದೆ, ಮಾತು ಕೆಟ್ಟಿದೆ, ಶುರುವಾಗಿ ಒಂದು ಗಂಟೆಯಾಗಿದೆ. ವೈದ್ಯ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ಪಾರ್ಶ್ವವಾಯು ಎಂದು ಅಂದಾಜು ಮಾಡಿದ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಆದಷ್ಟು ಬೇಗ ಕೊಡಬೇಕು. ಆದರೆ ತಲೆಯೊಳಗೆ ಯಾವುದಾದರೂ ನಾಳ ಒಡೆಯುವ ಹಾಗಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆದೀತು. ಮೊದಲು ಒಂದು ಸಾದಾ ಸಿ.ಟಿ. ತೆಗೆಸಿದ. ಎಲ್ಲೂ ರಕ್ತ ಸೋರಿದ್ದು ಕಾಣಲಿಲ್ಲ. ಇಂಜೆಕ್ಷನ್ ತರಲು ಹೇಳಿದ.

ಯಂತ್ರದ ಬಳೆಯೊಳಗೆ ಇನ್ನೂ ತಲೆಯಿಟ್ಟು ಮಲಗಿದ್ದ ಚನ್ನಬಸವ್ವನಿಗೆ ತನ್ನ ಮಾತು ಯಾರಿಗೂ ಮುಟ್ಟುತ್ತಿಲ್ಲವೆಂದು ಮಾತ್ರ ಅರ್ಥವಾಗಿತ್ತು. ಸುತ್ತ ಇಷ್ಟು ಜನ, ಎಲ್ಲರೂ ಅವಳ ಬಾಯನ್ನೇ ನೋಡುತ್ತಾರೆ, ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಹೆದರಿಕೆಯಾಯಿತು. ಹೆದರಿಕೆಯಾದಾಗ ಕರೆಯಲು ಅವಳಿಗೆ ಒಬ್ಬನೇ ಇದ್ದ.

“ರೀ, ಎಲ್ಲಿದ್ದೀರಿ? ನಾ ಹೇಳೂದು ಇವರಿಗೆ ತಿಳೀವಲ್ದು ನೋಡ್ರಿ. ತಲಿ ಒಡದು ಸಾಯಾಕತ್ತೀನಿ ಅಂದ್ರೂ ಸುಮ್ಮನ ನಿಂತಾರ.”

ಯಂತ್ರದ ಮೈಕು ಆ ಮಾತನ್ನು ಗಾಜಿನ ಆಚೆಯ ಕೋಣೆಗೆ ಒಯ್ದಿತು. ಅಲ್ಲಿ ಕೂತಿದ್ದ ಟೆಕ್ನಿಷಿಯನ್ ಹುಡುಗಿ ಸಿಂಧೂರ ಚನ್ನಪಟ್ಟಣದ ಕಡೆಯವಳು, ಪುಣೆಗೆ ಬಂದು ಎರಡು ವರ್ಷವಾಗಿತ್ತು. ‘ರೀ’ ಎಂಬ ಆ ಕೂಗು ಅವಳ ಕಿವಿಗೆ ಬಿತ್ತು. ಅವಳ ತಾಯಿ ತಂದೆಯನ್ನು ಕರೆಯುವುದೂ ಹಾಗೇ. ಅವಳು ಗುಂಡಿ ಒತ್ತಿದಳು.

“ಅಮ್ಮಾ, ನೀವು ಕನ್ನಡದವ್ರಾ?”

ನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬರು ಅವಳ ಮಾತಿಗೆ ಕನ್ನಡದಲ್ಲಿ ಉತ್ತರ ಕೊಟ್ಟಿದ್ದರು. ತಲೆ ಸಿಡಿಯುತ್ತಿದ್ದರೂ ಚನ್ನಬಸವ್ವನಿಗೆ ಸಂತೋಷವಾಯಿತು.

“ಹೌದವ್ವಾ ತಂಗಿ. ಮತ್ತ ನಾ ಇಷ್ಟೊತ್ತು ಏನ ಮಾತಾಡಾಕತ್ತಿದ್ದೆ?”

ಸಿಂಧೂರ ಕೇಳಿದ್ದಕ್ಕೆಲ್ಲ ಅವಳು ಉತ್ತರ ಹೇಳಿದಳು. ಹೆಸರು, ಊರು, ಎಂಟು ದಿನದ ಕಣ್ಣು ನೋವು, ಇವತ್ತು ತಲೆ ಸಿಡಿದದ್ದು. ಸಿಂಧೂರ ಎದ್ದು ಹೋಗಿ ವೈದ್ಯನಿಗೆ ಹೇಳಿದಳು: ಇವರು ಬಡಬಡಿಸುತ್ತಿಲ್ಲ ಸರ್, ಇದು ಕನ್ನಡ, ಒಂದು ಅಕ್ಷರವೂ ತಪ್ಪಿಲ್ಲ. ವೈದ್ಯನ ಮುಖ ಬಿಳಿಚಿಕೊಂಡಿತು. ಮಾತು ಕೆಟ್ಟಿಲ್ಲ, ಕಣ್ಣಿನ ಹಿಂದೆ ಎಂಟು ದಿನದ ನೋವು ಬೇರೆ: ಇದು ಹೆಪ್ಪಲ್ಲ, ಒಡೆಯಲಿರುವ ನಾಳವಿರಬಹುದು. ಇಂಜೆಕ್ಷನ್ ಬದಿಗಿಡಿಸಿ, ಮಿದುಳಿನ ನಾಳಗಳ ಆಂಜಿಯೋ ಮಾಡಿ ಎಂದ.

“ಅಮ್ಮಾ, ಕೈಯಲ್ಲಿ ಒಂದು ಔಷಧಿ ಬಿಡ್ತೀವಿ. ಅದು ಮಿದುಳಿನ ನಾಳಕ್ಕೆಲ್ಲ ಹೋಗತ್ತೆ, ಆಗ ಫೋಟೋದಲ್ಲಿ ಒಂದೊಂದು ನಾಳನೂ ಕಾಣತ್ತೆ. ಮೈಯೆಲ್ಲ ಬಿಸಿ ಆಗತ್ತೆ. ಬಟ್ಟೆ ಒದ್ದೆ ಆಯ್ತೇನೋ ಅನ್ಸತ್ತೆ, ಆಗಿರಲ್ಲ. ಅಲ್ಲಾಡ್ಬೇಡಿ, ಎಂಜಲು ನುಂಗ್ಬೇಡಿ.”

ಬಿಸಿ ಗಂಟಲಿನಿಂದ ಹೊಟ್ಟೆಗಿಳಿದು ತೊಡೆಯವರೆಗೂ ಹರಿಯಿತು. ಚನ್ನಬಸವ್ವ ಅಲ್ಲಾಡಲಿಲ್ಲ. ಇಷ್ಟು ವಿವರವಾಗಿ ಯಾರಾದರೂ ಹೇಳಿದರೆ ಏನನ್ನಾದರೂ ತಡೆದುಕೊಳ್ಳಬಹುದು ಅನ್ನಿಸಿತು ಅವಳಿಗೆ.

ಮಿದುಳಿನ ಬುಡದಲ್ಲಿ ಒಂದು ನಾಳ ತೆಳ್ಳಗಾಗಿ ಉಬ್ಬಿಕೊಂಡು, ಕಣ್ಣಿನ ನರವನ್ನು ಒತ್ತುತ್ತಿತ್ತು. ಇನ್ನೂ ಒಡೆದಿರಲಿಲ್ಲ. ಸಿಂಧೂರ ಬಂದು ತಿಳಿಸಿ ಹೇಳಿದಳು.

“ಹಂಚಿನ ಮ್ಯಾಲ ರೊಟ್ಟಿ ಒಂದ ಕಡೆ ಉಬ್ಬತದಲ್ಲ, ಹಂಗೇನ?” ಎಂದಳು ಚನ್ನಬಸವ್ವ.

“ಹಾಗೇ ಅಮ್ಮ.”

“ಮತ್ತ ಒತ್ತಬಾರದು ಅದನ್ನ.”

ಯಾರೂ ಒತ್ತಲಿಲ್ಲ. ಮರುದಿನ ತೊಡೆಯ ನಾಳದಿಂದ ಸಣ್ಣ ನಳಿಕೆ ತೂರಿಸಿ, ಆ ಉಬ್ಬಿನೊಳಗೆ ಕೂದಲೆಳೆಯಂಥ ತಂತಿ ಸುತ್ತಿ ತುಂಬಿದರು. ಚನ್ನಬಸವ್ವ ಉಳಿದಳು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮಾರನೆಯ ಬೆಳಿಗ್ಗೆ ನರ್ಸ್ ಬಂದು “ದುಖತಂಯ ಕಾ ಆಜೀ?” ಎಂದು ಕೇಳಿದಳು. ನೋಯುತ್ತದೆಯೇ ಎಂಬ ಆ ಮಾತಿಗೆ ಉತ್ತರ ಮರಾಠಿಯಲ್ಲೇ ಚನ್ನಬಸವ್ವನ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿ ಪಿಳಿಪಿಳಿ ನೋಡಿದಳು. ನರ್ಸ್ ಬಾಗಿಲಲ್ಲಿ ನಿಂತು, ಆ ಸಿ.ಟಿ. ಕೋಣೆಯ ಕಾನಡಿ ಹುಡುಗಿಯನ್ನು ಕರೆಯಿರಿ ಎಂದು ಕೂಗಿದಳು. ಸಿಂಧೂರ ಬಂದಳು.

ಹೀಗೆ ನಾಲ್ಕು ದಿನ ನಡೆಯಿತು. ನೀರು ಬೇಕಾದರೂ ಸಿಂಧೂರ, ಮಾತ್ರೆಗೂ ಸಿಂಧೂರ. ಐದು ನಿಮಿಷ ನಿಂತು ಅವಳು ಓಡಬೇಕು. ಆ ಐದು ನಿಮಿಷಕ್ಕಾಗಿ ಚನ್ನಬಸವ್ವ ಉಳಿದ ಹೊತ್ತನ್ನೆಲ್ಲ ಮೂಕಿಯ ಹಾಗೆ ಕಳೆದಳು. ಡಬ್ಬಿ ತಂದ ಶುಭಾಂಗಿ ಕೈಸನ್ನೆ ಮಾಡಿ ಮಾಡಿ ಊಟ ಮಾಡಿಸುವಾಗ ಮಾತ್ರ ನಾಚಿಕೆಪಟ್ಟು ಚನ್ನಬಸವ್ವ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ.

ಐದನೆಯ ದಿನ ಸ್ವಂತ ಸೀರೆ ಉಡಲು ಬಿಟ್ಟರು. ಮಾತ್ರೆಯ ವಿಷಯ ಹೇಳಿ ಮುಗಿಸಿದ ಸಿಂಧೂರ, ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಮರಾಠಿಯಲ್ಲಿ ಅಂದಳು: “ಆಜೀ, ಪದರ ಪಡಲಾ.”

ಚನ್ನಬಸವ್ವನ ಕೈ ತಟ್ಟನೆ ಸೆರಗಿಗೆ ಹೋಯಿತು. ಸೆರಗು ಜಾರಿರಲಿಲ್ಲ. ಹೋದ ಕೈಯನ್ನು ಹಿಂದಕ್ಕೆ ತರುವುದು ಹೇಗೆಂದು ತಿಳಿಯದೆ ಅಲ್ಲೇ ಇಟ್ಟುಕೊಂಡಳು.

“ಯಾವಾಗ ಬಂತಮ್ಮ ಮರಾಠಿ?”

“ಗುರುವಾರನ ಬಂದದ, ತಂಗಿ.”

“ನಾನು ಬೇಕಿದ್ರೆ, ಬಾ ಅಂತ ಕೇಳ್ಬೋದಿತ್ತಲ್ಲ?”

“ಕೇಳೂದು ನನಗ ಯಾವ ಭಾಷಾದಾಗೂ ಬರೂದಿಲ್ಲ.”

ಸಿಂಧೂರ ಏನೋ ಹೇಳಹೊರಟಳು. ಅಷ್ಟರಲ್ಲಿ ಸಿ.ಟಿ. ಕೋಣೆಯಿಂದ ಕರೆ ಬಂದು ಹೋಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು ಸುಮ್ಮನೆ ಅಭ್ಯಾಸಕ್ಕೆಂಬಂತೆ, ನೋಯುತ್ತದೆಯೇ ಎಂದಳು. ಚನ್ನಬಸವ್ವ ಗೋಡೆಯನ್ನು ನೋಡುತ್ತ, “ಥೋಡಂ ದುಖತಂಯ,” ಸ್ವಲ್ಪ ನೋವಿದೆ ಎಂದಳು. ಹೋದ ಮರಾಠಿ ಮರಳಿ ಬಂತೆಂದು ವಾರ್ಡೆಲ್ಲ ಸಂಭ್ರಮ. ವೈದ್ಯ ಬಂದು ಬೆನ್ನು ತಟ್ಟಿದ. ಶುಭಾಂಗಿ ಫೋನಿನಲ್ಲೇ ಅತ್ತಳು. ಇನ್ನು ಆ ಹುಡುಗಿಯನ್ನು ಕರೆಯಲು ಯಾರಿಗೂ ಕಾರಣವಿರಲಿಲ್ಲ. ಎಲ್ಲರೂ ನಗುತ್ತಿದ್ದ ಆ ಹೊತ್ತಿನಲ್ಲಿ ಚನ್ನಬಸವ್ವನಿಗೆ ಖಡಕಿಯ ಮನೆಯ ಬೀಗ ನೆನಪಾಯಿತು.

ಸಂಜೆ ಆರಕ್ಕೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಸಿಂಧೂರ ಬಂದು ಸ್ಟೂಲು ಎಳೆದು ಕೂತಳು.

“ಈ ಸಲ ಯಾರೂ ಕರೀಲಿಲ್ಲ ಅಮ್ಮ,” ಎಂದಳು.

ಚನ್ನಬಸವ್ವ ಬಹಳ ಹೊತ್ತು ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು. ಆಮೇಲೆ, ಹೊಸ ಭಾಷೆ ಕಲಿಯುವವಳ ಹಾಗೆ ತಡೆತಡೆದು ಕೇಳಿದಳು.

“ನಾಳೆನೂ ಬರ್ತೀಯೇನ, ತಂಗಿ?”