ಕೆಂಪು ಮಚ್ಚೆಯ ಸಮಯ

"ತಲಿ ಕಡೆ ಸ್ವಲ್ಪ ಮ್ಯಾಲೆತ್ರಿ, ಕಾಲು ಗ್ವಾಡಿಗೆ ಬಡೀತಾವ," ಎಂದು ಜಟ್ಟೆಪ್ಪ ಕೆಳಗಿನ ಮೆಟ್ಟಿಲಿನಿಂದ ಹೇಳಿದ.

ಮಹಡಿಯ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತ್ತು. ಡೊಂಬಿವಲಿಯ ಆ ಹಳೆಯ ಬಿಲ್ಡಿಂಗಿಗೆ ಲಿಫ್ಟಿಲ್ಲ. ಹೊತ್ತ ನಾಲ್ವರಿಗೂ ಹೊರುವ ಅಭ್ಯಾಸವಿಲ್ಲ. ಕೊನೆಗೆ ವಾಚ್‌ಮನ್ ಜಟ್ಟೆಪ್ಪನೇ ಬಿದಿರಿಗೆ ಹೆಗಲು ಕೊಟ್ಟು, ಒಂದು ಗೇಣು ಹಿಂದೆ ಸರಿಸಿ, ಓರೆ ಮಾಡಿ ಬಿಡಿಸಿದ.

"ಸಾಹೇಬ್ರ ದುರ್ಬೀನಾನೂ ಹಿಂಗ ಓರೆ ಮಾಡೇ ಟೆರೇಸಿಗೆ ಏರಸ್ತಿದ್ದೆ," ಎಂದ.

ಮೂರನೆಯ ಮಹಡಿಯ ಬಾಗಿಲಲ್ಲಿ ನಿಂತಿದ್ದ ಜಯಲತಾಳಿಗೆ ಗಂಡನ ನೆತ್ತಿ ಮಾತ್ರ ಕಾಣುತ್ತಿತ್ತು. "ಅಮ್ಮ, ಗಾಡಿ ಆಲೀ," ಎಂದು ಮಗಳು ಜ್ಯೋತ್ಸ್ನಾ ಕೆಳಗಿನಿಂದ ಕೂಗಿದಳು. ಶವದ ಗಾಡಿ ಬಂದಿತ್ತು.

ಚಟ್ಟ ಇಳಿದು ಹೋದ ಮೇಲೆ, ಗೋಡೆಗೆ ಅಂಟಿ ದಾರಿ ಬಿಟ್ಟು ನಿಂತಿದ್ದ ಸಣಕಲು ಮನುಷ್ಯನೊಬ್ಬ ನಿಧಾನವಾಗಿ ಮೇಲೆ ಬಂದ. ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಟ್ಟಿದ್ದ.

"ನಾನು ಮೋಹನದಾಸ, ಜಯಕ್ಕ. ಕಲ್ಯಾಣದಿಂದ. ನಮ್ಮ ಆಕಾಶ ಮಂಡಳಿ..."

"ಗೊತ್ತುಂಟು."

"ನಾಲ್ಕು ವರ್ಷದಿಂದ ಅವರು ಮೀಟಿಂಗಿಗೇ ಬರಲಿಲ್ಲ. ನಾನು ಒಂದು ಸಲ ಬಂದು ನೋಡಬೇಕಿತ್ತು."

ಅವಳು ಅವನ ಮುಖವನ್ನೇ ನೋಡಿದಳು. ಗಂಡನಿಗೆ ಆ ಮೇಲ್ ಬರೆದವನು ಇಷ್ಟು ಸಾಧು ಮನುಷ್ಯ ಎಂದು ಅವಳು ಎಣಿಸಿರಲಿಲ್ಲ. "ಎಲ್ಲ ಮುಗಿದ ಮೇಲೆ ಒಮ್ಮೆ ಇಲ್ಲಿಗೆ ಬನ್ನಿ," ಎಂದಳು. "ನಿಮ್ಮ ಹತ್ತಿರ ಒಂದು ಮಾತು ಹೇಳಲಿಕ್ಕುಂಟು."

*

ಜಯಲತಾಳ ಗಂಡ ವಸಂತಕುಮಾರ ಕಾಪುವಿನ ಕಡೆಯವನು. ವಾಗ್ಳೆ ಎಸ್ಟೇಟಿನ ಪಂಪು ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ೨೦೦೧ರ ದೀಪಾವಳಿ ಬೋನಸ್ಸಿಗೆ ಫ್ರಿಜ್ಜು ಬರುತ್ತದೆಂದು ಜಯಲತಾ ಅಡಿಗೆಮನೆಯ ಮೂಲೆ ಖಾಲಿ ಮಾಡಿ ಇಟ್ಟಿದ್ದಳು. ಬಂದದ್ದು ಎದೆಯೆತ್ತರದ ಬಿಳಿಯ ಕೊಳವೆ.

"ಎಂತ ಇದು?"

"ದುರ್ಬೀನು. ಬಾ, ಗುರುವನ್ನು ತೋರಿಸ್ತೇನೆ."

ಅವಳು ಹೋಗಲಿಲ್ಲ. ಸಿಟ್ಟಿತ್ತು. ಆಮೇಲೆ ಸಿಟ್ಟು ಇಳಿಯಿತು, ಹೋಗದಿರುವುದು ಮಾತ್ರ ರೂಢಿಯಾಗಿ ಉಳಿಯಿತು.

ಗುರುಗ್ರಹದ ಮೈಮೇಲೆ ಒಂದು ಕೆಂಪು ಮಚ್ಚೆ ಇದೆಯಂತೆ, ಇಡೀ ಭೂಮಿಯೇ ಒಳಗೆ ಹಿಡಿಸುವಷ್ಟು ದೊಡ್ಡದು. ಗ್ರಹ ತಿರುಗುವಾಗ ಆ ಮಚ್ಚೆ ಸರಿಯಾಗಿ ನಡುವಿಗೆ ಬರುವ ನಿಮಿಷವನ್ನು ಬರೆದಿಡುವುದೇ ಅವನ ಕೆಲಸ. ಬರೆದದ್ದನ್ನು ಆಕಾಶ ಮಂಡಳಿಗೆ, ತನ್ನಂತೆ ಗ್ರಹ ನೋಡುವವರ ಸಂಘಕ್ಕೆ, ಕಳಿಸುತ್ತಿದ್ದ.

"ಅದರಿಂದ ಯಾರಿಗೆ ಎಂತ ಪ್ರಯೋಜನ?" ಎಂದು ಒಮ್ಮೆ ಕೇಳಿದ್ದಳು.

"ಅದು ಸ್ವಲ್ಪ ಸ್ವಲ್ಪವೇ ಜಾರುತ್ತ ಉಂಟು ಮಾರಾಯ್ತಿ. ಎಷ್ಟು ಜಾರಿತು ಅಂತ ಯಾರಾದರೂ ಬರೆದಿಡಬೇಕಲ್ಲ."

ಹನ್ನೆರಡು ವರ್ಷ ಬರೆದ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಅಂಗಿಯ ಗುಂಡಿ ಕಿತ್ತುಕೊಂಡು ಬಂದ ಸಂಜೆಯೂ ಮೋಡವಿಲ್ಲದಿದ್ದರೆ ಟೆರೇಸಿಗೆ ಹತ್ತುತ್ತಿದ್ದ. ಸ್ಟೋರಿನಲ್ಲಿ ಒಂದು ನಟ್ಟು ಕಡಿಮೆಯಾದರೂ ನಿದ್ದೆ ಮಾಡದ ಮನುಷ್ಯ. ಮಚ್ಚೆಯ ಸಮಯ ಬರೆಯುವ ಪುಸ್ತಕದಲ್ಲೂ ಹಾಗೆಯೇ, ಅನುಮಾನವಿದ್ದರೆ ಸಮಯ ಬರೆಯದೆ ಗೀಟು ಎಳೆದುಬಿಡುತ್ತಿದ್ದ.

೨೦೧೩ರಲ್ಲಿ ಶುಗರ್ ಅವನ ಕಣ್ಣು ತೆಗೆದುಕೊಂಡಿತು. ಮೊದಲು ಬಲಗಣ್ಣು, ಆರು ತಿಂಗಳಿಗೆ ಎಡಗಣ್ಣು.

*

"ನೀನು ನೋಡು, ನಾನು ಬರೆಸ್ತೇನೆ," ಎಂದ. ಮಂಡಳಿಗೆ ಹೇಳಬೇಡ ಎಂದೂ ಹೇಳಿದ. ಕುರುಡನ ಹೆಸರು ಪಟ್ಟಿಯಿಂದ ಹೋಗಿಬಿಡುತ್ತದೆ ಎಂಬ ಹೆದರಿಕೆ.

ಹೀಗೆ ಜಯಲತಾ ಮೊದಲ ಬಾರಿ ದುರ್ಬೀನಿಗೆ ಕಣ್ಣಿಟ್ಟಳು. ನಡುಗುವ ಅವರೆಕಾಳಿನಂಥದ್ದು ಒಂದು, ಅದರ ಮೇಲೆ ಎರಡು ಗೆರೆ. ಮಚ್ಚೆ ಕಾಣಲಿಲ್ಲ. ಕಣ್ಣು ಪಳಗಬೇಕು ಎಂದ. ಪಳಗುವ ಬದಲು, ಬರಬರುತ್ತ ಗೆರೆಗಳೂ ಹೋದವು. ಕೊನೆಕೊನೆಗೆ ಹಾಲು ಸುರಿದ ಗಾಜಿನ ಹಿಂದೆ ದೀಪ ಇಟ್ಟ ಹಾಗೆ ಒಂದು ಬಿಳುಪು ಮಾತ್ರ. ತನ್ನ ಕಣ್ಣೂ ಹೋಗುತ್ತಿದೆ ಎಂದುಕೊಂಡಳು. ಅದನ್ನು ಅವನಿಗೆ ಹೇಳುವುದು ಹೇಗೆ? ಮನೆಯಲ್ಲಿ ಉಳಿದದ್ದು ಅದೊಂದೇ ಜೊತೆ ಕಣ್ಣು.

ಅವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಗಂಟೆ ಹೇಳುವ ವಾಚಿನ ಗುಂಡಿ ಒತ್ತುತ್ತಿದ್ದ. "ಬಂತಾ?" ಎಂದು ಕೇಳುತ್ತಿದ್ದ. ಕಣ್ಣು ಹೋಗುವ ಮೊದಲಿನ ಲೆಕ್ಕದಂತೆ ಇಷ್ಟು ಹೊತ್ತಿಗೆ ಬರಬೇಕು ಎಂಬ ಅಂದಾಜು ಅವನ ತಲೆಯಲ್ಲಿರುತ್ತಿತ್ತು. ಆ ಹೊತ್ತು ಸಮೀಪಿಸಿದಾಗ ಉಸಿರು ಬಿಗಿಹಿಡಿದು ಎರಡು ಸಲ ಕೇಳುತ್ತಿದ್ದ, "ಬಂತಾ? ಬಂತಾ ಜಯಾ?"

"ಬಂತು," ಎನ್ನುತ್ತಿದ್ದಳು.

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಊಟಕ್ಕೆ ಕೂತವನು ಅನ್ನದ ಮೇಲೆ ಕೈ ಹಾಗೇ ಇಟ್ಟುಕೊಂಡು ಹೇಳಿದ, "ಅದು ನಿಂತಿದೆ ಜಯಾ. ಮಚ್ಚೆ ಜಾರುವುದು ನಿಂತುಬಿಟ್ಟಿದೆ. ಇದು ದೊಡ್ಡ ವಿಷಯ." ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನ ಮುಖ ಅಷ್ಟು ಅರಳಿದ್ದನ್ನು ಅವಳು ನೋಡಿರಲಿಲ್ಲ. ಈಗ ಹೇಳಬೇಕು ಅನ್ನಿಸಿತು. ಸಾರು ಬಡಿಸಿದಳು.

ಜ್ಯೋತ್ಸ್ನಾಳ ಕೈಲಿ ಟೈಪು ಮಾಡಿಸಿ ಮಂಡಳಿಗೆ ಕಳಿಸಿದ. ಮೂರು ವಾರಕ್ಕೆ ಉತ್ತರ ಬಂತು.

"ಪಪ್ಪಾ, ಮೋಹನ್ ಅಂಕಲ್ ಕಾ ಮೇಲ್ ಹೈ," ಎಂದು ಜ್ಯೋತ್ಸ್ನಾ ಫೋನು ಹಿಡಿದು ಓದತೊಡಗಿದಳು. ಅರ್ಧಕ್ಕೆ ಬಂದಾಗ ದನಿ ಇಳಿಯಿತು. ಮಚ್ಚೆ ಎಲ್ಲೂ ನಿಂತಿಲ್ಲ. ಬೇರೆ ಎಲ್ಲರ ಲೆಕ್ಕದಲ್ಲೂ ಮುಕ್ಕಾಲು ಗಂಟೆ ಜಾರಿದೆ. ತಮ್ಮ ಸಮಯಗಳು ಕಂಡು ಬರೆದವಲ್ಲ, ಹಳೆಯ ಪಟ್ಟಿ ನೋಡಿ ಬರೆದವು ಎಂದು ತೋರುತ್ತದೆ. ಎಲ್ಲಿಂದ ಹೀಗೆ ಶುರುವಾಯಿತೆಂದು ತಿಳಿಯದ ಕಾರಣ ತಮ್ಮ ಅಷ್ಟೂ ವರ್ಷಗಳ ವರದಿಯನ್ನು ಕೈಬಿಡಬೇಕಾಗಿದೆ. ಕ್ಷಮಿಸಿ.

ವಸಂತಕುಮಾರ ಹೆಂಡತಿಯ ಕಡೆ ತಿರುಗಿದ, ಆದರೆ ಮುಖ ಅವಳಿಂದ ಒಂದು ಮೊಳ ಆಚೆಗಿತ್ತು.

"ಇನ್ನು ಮೇಲೆ ಹತ್ತುವುದು ಬೇಡ," ಎಂದ. "ನಿನಗೂ ಮೊಣಕಾಲು ನೋವು."

ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮರುದಿನ ಪುಸ್ತಕಗಳನ್ನೆಲ್ಲ ರದ್ದಿಯವನಿಗೆ ಕೊಡಿಸಿದ. ಆಮೇಲೆ ಹದಿನಾಲ್ಕು ತಿಂಗಳು ಬದುಕಿದ.

*

ಸ್ಮಶಾನದಿಂದ ಬಂದವರು ದೀಪ ನೋಡಿ ಒಬ್ಬೊಬ್ಬರಾಗಿ ಹೊರಟರು. ಮೋಹನದಾಸ ಕೊನೆಗೆ ಬಂದ. ಜಯಲತಾ ನೆಲದ ಮೇಲೆ ಕೂತಲ್ಲಿಂದಲೇ ಎಲ್ಲವನ್ನೂ ಹೇಳಿದಳು, ಒಂದೇ ದನಿಯಲ್ಲಿ.

"ಕಣ್ಣು ಇರಲಿಲ್ಲವಾ ಅವರಿಗೆ?" ಎಂದ ಅವನು.

"ಇರಲಿಲ್ಲ. ಬಂತು ಅಂತ ಹೇಳಿದ್ದು ನಾನು. ಅವರು ಸುಳ್ಳು ಬರೆಯುವವರಲ್ಲ. ಮೊದಲಿನ ಹನ್ನೆರಡು ವರ್ಷದ್ದು ಅವರೇ ನೋಡಿದ್ದು. ಅದನ್ನಾದರೂ ಸೇರಿಸಿಕೊಳ್ಳಿ."

ಅವನು ನೆಲ ನೋಡಿದ. "ಆ ಕಾಗದಗಳನ್ನು ನಾವು ಇಟ್ಟುಕೊಳ್ಳಲಿಲ್ಲ ಜಯಕ್ಕ. ಪುಸ್ತಕ ಇದ್ದರೆ..."

"ರದ್ದಿಗೆ ಹೋಯ್ತು."

ಬೇರೆ ಏನೂ ತೋಚದೆ ಅವನು, "ದುರ್ಬೀನು ಒಮ್ಮೆ ನೋಡಲಾ?" ಎಂದ.

ಅದು ಕೋಣೆಯ ಬಾಗಿಲ ಹಿಂದೆ ಹಳೆಯ ಬೆಡ್‌ಶೀಟು ಹೊದ್ದು ನಿಂತಿತ್ತು. ಮೋಹನದಾಸ ಬೆಡ್‌ಶೀಟು ಸರಿಸಿ, ಕೊಳವೆಯ ಬಾಯಿಯ ಮುಚ್ಚಳ ತೆಗೆದು, ಮೊಬೈಲಿನ ಬೆಳಕನ್ನು ಒಳಗೆ ಬಿಟ್ಟ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

"ಇದರ ತಳದಲ್ಲಿ ಒಂದು ಕನ್ನಡಿ ಇರುತ್ತದೆ," ಎಂದ ಕೊನೆಗೆ. "ಅದಕ್ಕೆ ಆಗಾಗ ಕಲಾಯಿ ಹಾಕಿಸಬೇಕು, ಪಾತ್ರೆಗೆ ಹಾಕಿಸಿದ ಹಾಗೆ. ಈ ಊರಿನ ಹವೆಗೆ ಬೇಗ ತಿಂದುಹೋಗ್ತದೆ. ಇದರಲ್ಲಿ ಯಾರು ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ ಜಯಕ್ಕ. ನಿಮ್ಮ ಕಣ್ಣಿನದು ತಪ್ಪಲ್ಲ. ಕಾಣುವುದಿಲ್ಲ ಅಂತ ಒಂದು ಮಾತು ಅಂದಿದ್ದರೆ ಅವರಿಗೆ ಆಗಲೇ ಕನ್ನಡಿ ಕೆಟ್ಟದ್ದು..."

ಅಲ್ಲಿಗೆ ನಿಲ್ಲಿಸಿದ. ನಿಲ್ಲಿಸಿದ್ದು ತಡವಾಗಿತ್ತು.

ಅವನು ಹೋದದ್ದು ಅವಳಿಗೆ ತಿಳಿಯಲಿಲ್ಲ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬರುತ್ತಿತ್ತು. ಮೊಣಕಾಲು ಹಿಡಿದುಕೊಂಡು ಎದ್ದು ಜಯಲತಾ ಕೊಳವೆಯ ಬಾಯಿಗೆ ಬಗ್ಗಿದಳು. ಕೆಳಗೆ, ಕಪ್ಪು ಕಪ್ಪಾಗಿ ಸುಲಿದ ಕನ್ನಡಿಯ ತುಂಬ, ಅವಳದೇ ಒಂದು ಕಣ್ಣು, ತಟ್ಟೆಯಷ್ಟು ದೊಡ್ಡದು, ಮುಚ್ಚಿ ತೆರೆಯುತ್ತಿತ್ತು.